ನೂರರವತ್ತಾರೇ ಬೇಕೆಂದವಳು

ದ್ವೇಷ ಇಟ್ಟುಕೊಂಡರೆ ಅದು ನಮ್ಮನ್ನೇ ಒಳಗೊಳಗೆ ತಿನ್ನುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನನ್ನನ್ನೇನೂ ತಿನ್ನಲಿಲ್ಲ. ಒಬ್ಬನ ಮೇಲಿನ ಸಿಟ್ಟನ್ನು ಜೂನ್‌ನಿಂದ ನವೆಂಬರ್‌ವರೆಗೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ಆ ಐದು ತಿಂಗಳು ಹೊಟ್ಟೆ ತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡಿದೆ, ಒಂದು ದಿನವೂ ಶಿಫ್ಟ್ ತಪ್ಪಿಸಲಿಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಅವನಿಗೆ ಹೇಗೆ ಮಣ್ಣು ಮುಕ್ಕಿಸುವುದು ಎಂದು ಯೋಚಿಸುವುದೇ ಒಂದು ಹಿತವಾಗಿತ್ತು. ಕ್ಷಮಿಸಿಬಿಟ್ಟಿದ್ದರೆ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಬೊಮ್ಮಸಂದ್ರದಲ್ಲಿ ಯುಪಿಎಸ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ನನಗೆ ಇನ್‌ವರ್ಡ್ ಇನ್‌ಸ್ಪೆಕ್ಷನ್ ಕೆಲಸ. ಹೊರಗಿನಿಂದ ಬಂದ ಬಿಡಿಭಾಗಗಳೆಲ್ಲ ಸ್ಟೋರ್ಸ್ ಸೇರುವ ಮೊದಲು ನನ್ನ ಮೇಜನ್ನು ಹಾದುಹೋಗಬೇಕು. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಆಗ ಹಳೆಯ ಐಸಿ ಚಿಪ್ಪುಗಳ ಮೇಲಿನ ಅಕ್ಷರ ಕೆರೆದು, ಕಪ್ಪು ಬಣ್ಣ ಬಳಿದು, ಹೊಸ ನಂಬರ್ ಒತ್ತಿ ಮಾರುವವರು ಬಹಳ ಜನ ಇದ್ದರು. ಅವರನ್ನು ಹಿಡಿಯಲು ನಮ್ಮ ಹತ್ತಿರ ಇದ್ದದ್ದು ಹತ್ತಿ ಮತ್ತು ಬಣ್ಣ ಕರಗಿಸುವ ತಿನ್ನರ್. ಹತ್ತಿಗೆ ಎರಡು ಹನಿ ತಿನ್ನರ್ ಹಾಕಿ ಅಕ್ಷರದ ಮೇಲೆ ಹತ್ತು ಸಲ ಉಜ್ಜುವುದು. ಅಸಲಿ ಅಕ್ಷರ ಜಪ್ಪಯ್ಯ ಅಂದರೂ ಅಳಿಸುವುದಿಲ್ಲ. ನಕಲಿಯಾದರೆ ಹತ್ತಿ ಕಪ್ಪಾಗುತ್ತದೆ. ಉಜ್ಜಿ ಉಜ್ಜಿ ನನ್ನ ತೋರುಬೆರಳಿನ ತುದಿ ಸದಾ ಒಣಗಿ ಬಿಳಿಚಿಕೊಂಡಿರುತ್ತಿತ್ತು.

ನಮ್ಮಲ್ಲಿ ಒಂದೇ ಒಂದು ರಿಯಾಯಿತಿ ಇತ್ತು. ವರ್ಷಗಟ್ಟಲೆ ತಪ್ಪಿಲ್ಲದೆ ಮಾಲು ಕೊಟ್ಟ ಸಪ್ಲೈಯರ್‌ಗಳ ಡಬ್ಬವನ್ನು ನಾವು ಬಿಚ್ಚುತ್ತಿರಲಿಲ್ಲ. ಹೊರಗಿನಿಂದಲೇ ಹಸಿರು ಚೀಟಿ ಅಂಟಿಸಿ ಸ್ಟೋರ್ಸ್‌ಗೆ ಕಳಿಸುತ್ತಿದ್ದೆವು. ಅದಕ್ಕೆ ನಾವು ಇಟ್ಟುಕೊಂಡ ಹೆಸರು ನೇರ ಪಾಸ್. ನನಗೆ ಬಂದ ಕಷ್ಟವೆಲ್ಲ ಈ ನೇರ ಪಾಸ್‌ನಿಂದಲೇ ಬಂತು.

ನಾನು ಹೇಳುತ್ತಿರುವ ಮನುಷ್ಯ ಮೊದಲು ನಮ್ಮ ಕಾರ್ಖಾನೆಯಲ್ಲೇ ಟೆಸ್ಟಿಂಗ್ ವಿಭಾಗದಲ್ಲಿದ್ದ. ಸೇರಿದ ಹೊಸತರಲ್ಲಿ ಒಂದು ತಿಂಗಳು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಕಲಿತಿದ್ದ. ತಿನ್ನರ್ ಉಜ್ಜುವುದನ್ನು ಅವನಿಗೆ ಕಲಿಸಿದವಳು ನಾನೇ. ನಮ್ಮ ಹಾಗೆ ಅವನೂ ದಾವಣಗೆರೆ ಕಡೆಯವನು. ಹಬ್ಬಕ್ಕೆ ಮನೆಗೆ ಬಂದರೆ ಅಮ್ಮನಿಗೆ ಶರಣು ಎಂದು ಕೈಮುಗಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ. ಆಮೇಲೆ ಕೆಲಸ ಬಿಟ್ಟು ಹೊಸೂರು ರಸ್ತೆಯ ಪಕ್ಕದಲ್ಲಿ ಒಂದು ಅಂಗಡಿ ಹಾಕಿ, ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಕೊಡತೊಡಗಿದ. ನಾಲ್ಕು ಜನರ ಮುಂದೆ ಅವನ ವಿಷಯ ಬಂದರೆ ನಾನು ಬೀಗುತ್ತಿದ್ದೆ.

ತೊಂಬತ್ತೇಳರಲ್ಲಿ ನನ್ನ ತಂಗಿ ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದಳು. ಅಪ್ಪ ಇಲ್ಲದ ಮನೆ. ಅವಳನ್ನು ಓದಿಸುತ್ತಿದ್ದವಳು ನಾನು. ಅವಳ ಪ್ರಾಜೆಕ್ಟ್ ನಮ್ಮ ಶಿಫ್ಟ್ ಬಸ್ಸುಗಳ ಬಗ್ಗೆಯೇ ಇತ್ತು. ಯಾವ ಬಸ್ಸು ಯಾವ ದಾರಿಯಲ್ಲಿ ಬಂದರೆ ಎಲ್ಲರೂ ಹೊತ್ತಿಗೆ ಸರಿಯಾಗಿ ಗೇಟು ಮುಟ್ಟುತ್ತಾರೆ ಎಂದು ಲೆಕ್ಕ ಹಾಕಿ ಪರದೆಯ ಮೇಲೆ ನಕ್ಷೆ ಬರೆದು ತೋರಿಸುವ ಪ್ರೋಗ್ರಾಮ್. ನಾನು ಕಾಲು ನೋಯಿಸಿಕೊಂಡು ಬಸ್ಸಿಗೆ ಕಾಯುವುದನ್ನು ನೋಡಿ ಹೊಳೆದದ್ದಂತೆ. ಪರೀಕ್ಷೆಗೆ ಹೊರಗಿನಿಂದ ಬರುವವರು ವೈಟ್‌ಫೀಲ್ಡಿನ ಕಂಪನಿಯೊಂದರ ದೊಡ್ಡ ಎಂಜಿನಿಯರ್. ಹಿಂದಿನ ವರ್ಷ ಪ್ರಾಜೆಕ್ಟ್ ನೋಡಿದ ಜಾಗದಲ್ಲೇ ಇಬ್ಬರನ್ನು ಕೆಲಸಕ್ಕೆ ಕರೆದುಕೊಂಡಿದ್ದರು. ಈ ಸಲ ತಾನೂ ಅವರ ಕಣ್ಣಿಗೆ ಬೀಳಬೇಕು ಎಂಬುದೊಂದೇ ನನ್ನ ತಂಗಿಯ ತಲೆಯಲ್ಲಿ ಇದ್ದದ್ದು. ಕಾಲೇಜಿನ ಲ್ಯಾಬಿನ ಕಂಪ್ಯೂಟರ್‌ಗಳು ಓಬೀರಾಯನ ಕಾಲದವು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಅದನ್ನೇ ಹೊತ್ತು ತರಬಹುದು ಎಂದಿದ್ದರು. ಹಾಗಾಗಿ ಆಯುಧಪೂಜೆಯ ಹಿಂದಿನ ವಾರ ಇಬ್ಬರೂ ಅವನ ಅಂಗಡಿಗೆ ಹೋದೆವು.

ಅವನು ಸ್ಟೂಲು ಒರೆಸಿ ಕೂರಿಸಿದ. ಪಕ್ಕದ ಹೋಟೆಲಿನಿಂದ ಟೀ ತರಿಸಿದ. ತಂಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು.

"ಅಣ್ಣ, ಪ್ರೊಸೆಸರ್ ವೇಗ 133 ಸಾಕು. ಮೆಮೊರಿ ಮಾತ್ರ 32 ಬೇಕೇ ಬೇಕು."

"133 ಈಗ ಯಾರೂ ತಗೋತಿಲ್ಲ ಕಣಮ್ಮ," ಎಂದ ಅವನು, ನನ್ನ ಕಡೆ ನೋಡುತ್ತ. "ಅಕ್ಕ, 166 ಬಂದಿದೆ. ಹಾಕಿಸ್ಕೊಂಡ್ರೆ ಇನ್ನೈದು ವರ್ಷ ತಿರುಗಿ ನೋಡೋ ಹಂಗಿಲ್ಲ. ಮೆಮೊರಿ 16 ಇರ್ಲಿ, ಮುಂದೆ ಬೇಕಾದ್ರೆ ಸೇರಿಸ್ಕೋಬೋದು. ಪ್ರೊಸೆಸರ್ ಆಮೇಲೆ ಬದಲಾಯ್ಸಕ್ಕಾಗಲ್ಲ ನೋಡಿ."

ತಂಗಿ ನನ್ನ ಸೆರಗು ಎಳೆದಳು. "ಅಕ್ಕ, ಕೇಳಿಲ್ಲಿ. ಒಲೆ ಎಷ್ಟ್ ದೊಡ್ಡದಿದ್ರೂ ಪಾತ್ರೆ ಚಿಕ್ಕದಾದ್ರೆ ನಾಲ್ಕು ಸಲ ಅನ್ನ ಮಾಡ್ಬೇಕಾಗತ್ತೆ ತಾನೆ? ಪ್ರೊಸೆಸರ್ ಅಂದ್ರೆ ಒಲೆ, ಮೆಮೊರಿ ಅಂದ್ರೆ ಪಾತ್ರೆ. ನನ್ನ ನಕ್ಷೆ ಪೂರ್ತಿ ಅದ್ರಲ್ಲಿ ಹಿಡಿಸ್ಬೇಕು. ಎರಡೂ ಜಾಸ್ತಿ ಹಾಕ್ಸಕ್ಕೆ ನಮ್ಮ ಕೈಲಾಗಲ್ಲ, ಅದಕ್ಕೇ 32 ಆರಿಸ್ಕೊಂಡೆ."

ಅವಳು ಹೇಳಿದ್ದು ನನಗೆ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಈಗ ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಲೈನಿನಲ್ಲಿ ಕೆಲಸ ಮಾಡುವ ಒಬ್ಬಳು ತನ್ನ ತಮ್ಮನಿಗೆ 133 ಕೊಡಿಸಿ, ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ ಹೇಳಿಕೊಂಡಿದ್ದಳು. ಅವಳ ಮುಂದೆ ನನಗೆ 166 ಎನ್ನಬೇಕಿತ್ತು. ಮೆಮೊರಿ 32 ಎಂದರೆ ಕ್ಯಾಂಟೀನಿನಲ್ಲಿ ಯಾರು ಹುಬ್ಬೇರಿಸುತ್ತಾರೆ?

"ಸುಮ್ನಿರೆ, ನಿಂಗೇನ್ ಗೊತ್ತು. ದಿನಾ ಇದೇ ಕೆಲಸ ಮಾಡೋಳು ನಾನು," ಎಂದೆ. "166 ಹಾಕಿ ಕೊಡಪ್ಪ."

ಎರಡು ದಿನ ಬಿಟ್ಟು ಮತ್ತೆ ಹೋದಾಗ ಕಂಪ್ಯೂಟರ್ ಸಿದ್ಧವಾಗಿತ್ತು. ಪ್ರೊಸೆಸರ್ ಮೇಲೆ ಫ್ಯಾನು ಕೂರಿಸಿ, ಕೆಳಗೆ ಬಿಳಿ ಪೇಸ್ಟು ಬಳಿದು, ಕ್ಲಿಪ್ಪು ಬಿಗಿದಿದ್ದ. ನಂಬರ್ ಇರುವುದು ಆ ಫ್ಯಾನಿನ ಅಡಿಯಲ್ಲಿ. ಅವನು ನನ್ನ ಮುಖ ನೋಡಿ ನಕ್ಕು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಡಿ ನನ್ನ ಕಡೆ ಬರುವ ಹಾಗೆ ಚಾಚಿದ.

"ತೆಗೆದು ನೋಡ್ತೀರಾ ಅಕ್ಕ? ನಿಮ್ ಕೆಲ್ಸಾನೇ ಅದಲ್ವಾ."

ನನಗೆ ನಾಚಿಕೆಯಾಯಿತು. ಮನೆಯಲ್ಲಿ ಕೂತು ಉಂಡವನ ಮುಂದೆ ತಿನ್ನರ್ ಬಾಟಲಿ ಹಿಡಿಯುವುದೇ?

"ಛೆ, ನಿನ್ನ ಮಾಲನ್ನ ನಾನು ತೆಗೆದು ನೋಡೋದಾ! ನೇರ ಪಾಸ್ ಕಣೋ ನೀನು," ಎಂದೆ. ಇಬ್ಬರೂ ನಕ್ಕೆವು. ತಂಗಿ ನಗಲಿಲ್ಲ.

ಹಬ್ಬದ ದಿನ ಅಮ್ಮ ಕಂಪ್ಯೂಟರ್‌ಗೆ ಮೂರು ಬೆರಳು ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದಳು. ರಜೆ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ನಾನು 166 ಎಂದೆ. ಆ 133ರವಳ ಮುಖ ಹುಳ್ಳಗಾಯಿತು. ಅಷ್ಟು ಸುಖ ನನಗೆ ಸಿಕ್ಕಿತು, ಅದರಲ್ಲಿ ಸಂಶಯವಿಲ್ಲ.

ಕಂಪ್ಯೂಟರ್ ನಿಂತುಹೋಗಲು ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ನಡೆಯುತ್ತಿತ್ತು, ಆಮೇಲೆ ಪರದೆ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಕೀ ಒತ್ತಿದರೂ ಇಲ್ಲ, ಮೌಸ್ ಆಡಿಸಿದರೂ ಇಲ್ಲ. ಅದು ಸಾಲದೆಂಬಂತೆ ಮೆಮೊರಿ ಸಾಲದೆ, ನಕ್ಷೆ ಬರೆಯುವಾಗ ಹಾರ್ಡ್ ಡಿಸ್ಕ್ ಕರಕರ ಎಂದು ಐದು ನಿಮಿಷ ಅರೆಯುತ್ತಿತ್ತು. ಅವನನ್ನು ಕರೆಸಿದೆ. ಬಂದು ಹತ್ತು ನಿಮಿಷ ನಡೆಸಿ ನೋಡಿ, "ಮಷಿನ್ ಸಕ್ಕತ್ತಾಗಿದೆ ಅಕ್ಕ. ಪ್ರೋಗ್ರಾಮಲ್ಲೇ ಏನೋ ತಪ್ಪಿದೆ, ಸ್ಟೂಡೆಂಟ್ಸ್ ಬರಿಯೋದು ಹಂಗೇ ಇರತ್ತೆ," ಎಂದು ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದ.

ನಾನು ನನ್ನ ತಂಗಿಗೆ ಅದನ್ನೇ ಹೇಳಿದೆ. ಒಂದು ಸಲವಲ್ಲ, ನೂರು ಸಲ. "ಮಷಿನ್ ಸರಿಯಾಗೇ ಇದೆ ಕಣೆ, ನಿನ್ನ ಪ್ರೋಗ್ರಾಮ್ ನೋಡ್ಕೋ." ಅವಳು ನೋಡಿಕೊಂಡಳು. ಆ ಪ್ರೋಗ್ರಾಮನ್ನು ಮೊದಲಿನಿಂದ ಮೂರು ಸಲ ಬರೆದಳು. ತಪ್ಪೇ ಇಲ್ಲದ ಕಡೆ ತಪ್ಪು ಹುಡುಕಿ ಹುಡುಕಿ ಕಣ್ಣಿನ ಸುತ್ತ ಕಪ್ಪು ಕಟ್ಟಿತು. ಮೊದಲೆಲ್ಲ ಊಟಕ್ಕೆ ಕೂತರೆ ಬಸ್ಸುಗಳ ಸುದ್ದಿ ಹೇಳಿ ತಲೆ ತಿನ್ನುತ್ತಿದ್ದವಳು ಸಂಕ್ರಾಂತಿಯ ಹೊತ್ತಿಗೆ ಮಾತು ಕಡಿಮೆ ಮಾಡಿದಳು. "ನಂಗೆ ಇದೆಲ್ಲ ಬರಲ್ಲ ಅನ್ಸತ್ತೆ ಅಮ್ಮ," ಎಂದು ಒಂದು ದಿನ ಅಡುಗೆಮನೆಯಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಜೂನ್‌ನಲ್ಲಿ ಪರೀಕ್ಷೆ. ಕಂಪ್ಯೂಟರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಲೇಜಿಗೆ ಹೋದೆವು. ಎಲ್ಲ ತಯಾರಾಗಿರಲಿ ಎಂದು ಅವಳು ಬೆಳಿಗ್ಗೆ ಒಂಬತ್ತಕ್ಕೇ ಅದನ್ನು ಚಾಲೂ ಮಾಡಿಟ್ಟಳು. ಎಂಜಿನಿಯರ್ ಸಾಹೇಬರು ಅವಳ ಮೇಜಿಗೆ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು. ನಾನು ಕಾರಿಡಾರಿನ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಹೇಳುವುದನ್ನು ಅವರು ತಲೆಯಾಡಿಸುತ್ತ ಕೇಳಿದರು, ಕುರ್ಚಿ ಎಳೆದುಕೊಂಡು ಕೂತರು. ನಕ್ಷೆ ಅರ್ಧ ಬಂತು. ಚಂದಾಪುರದವರೆಗೆ ಬಂದ ಗೆರೆ ಅಲ್ಲಿಯೇ ನಿಂತಿತು. ಆರಿಸಿ ಮತ್ತೆ ಹಚ್ಚಿದಳು. ಈ ಸಲ ಚಂದಾಪುರವೂ ಬರಲಿಲ್ಲ. ಅವರು ಗಡಿಯಾರ ನೋಡಿಕೊಂಡು, ಅವಳ ಹೆಗಲನ್ನು ಮೆಲ್ಲಗೆ ತಟ್ಟಿ ಪಕ್ಕದ ಮೇಜಿಗೆ ಹೋದರು. ಆ ವರ್ಷ ಅವರು ಕರೆದುಕೊಂಡದ್ದು ಪಕ್ಕದ ಮೇಜಿನವನನ್ನು.

ಮನೆಗೆ ಬಂದ ಮೇಲೆ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಳಲಿಲ್ಲ. ಅತ್ತಿದ್ದರೆ ನಾನು ಆ ಕಂಪ್ಯೂಟರನ್ನು ಬಿಚ್ಚುತ್ತಿರಲಿಲ್ಲವೇನೋ. ಅವಳ ಸುಮ್ಮನಿರುವ ಬೆನ್ನು ನೋಡಲಾರದೆ, ಕೈಗೆ ಏನಾದರೂ ಕೆಲಸ ಬೇಕೆಂದು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಕ್ಲಿಪ್ಪು ಬಿಚ್ಚಿ ಫ್ಯಾನು ಎತ್ತಿದೆ. ಬಿಳಿ ಪೇಸ್ಟು ಒರೆಸಿದೆ. 166 ಎಂದು ಬೆಳ್ಳಗೆ, ನೀಟಾಗಿ ಕಾಣಿಸಿತು. ಕೆಲಸದ ಚೀಲದಲ್ಲಿ ತಿನ್ನರ್ ಬಾಟಲಿ ಇತ್ತು. ಹತ್ತಿಗೆ ಎರಡು ಹನಿ ಹಾಕಿ ಉಜ್ಜಿದೆ. ಹತ್ತನೆಯ ಸಲದವರೆಗೆ ಕಾಯಬೇಕಾಗಲಿಲ್ಲ. ಮೂರನೆಯದಕ್ಕೇ ಹತ್ತಿ ಕಪ್ಪಾಯಿತು. ಬಣ್ಣದ ಅಡಿಯಲ್ಲಿ ಕೆರೆದ ಗೀರುಗಳ ನಡುವೆ ಹಳೆಯ ನಂಬರ್ ಮಸುಕಾಗಿ ಕಂಡಿತು: 133.

ಅಂದರೆ 133ಕ್ಕೆ ಮಾಡಿದ್ದನ್ನು 166ರ ವೇಗದಲ್ಲಿ ಓಡಿಸುತ್ತಿದ್ದ. ಅದು ಕಾದು ಕಾದು ನಿಲ್ಲುತ್ತಿತ್ತು. ನನ್ನ ತಂಗಿ ಎಂಟು ತಿಂಗಳು ತನ್ನ ತಲೆಯೇ ಸರಿಯಿಲ್ಲ ಎಂದುಕೊಂಡಿದ್ದಳು.

ಅಂಗಡಿಗೆ ಹೋಗಿ ಜುಟ್ಟು ಹಿಡಿದು ಎಳೆಯಬೇಕು ಎನ್ನಿಸಿತು. ಹೋಗಲಿಲ್ಲ. ಹೋದರೆ ಏನಾಗುತ್ತದೆ? "ಅಯ್ಯೋ ಅಕ್ಕ, ನಂಗೂ ಮೇಲಿನವ್ರು ಟೋಪಿ ಹಾಕಿದಾರೆ" ಎಂದು ಬೇರೆ ಪ್ರೊಸೆಸರ್ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅಷ್ಟು ಸುಲಭಕ್ಕೆ ಬಿಡುವವಳು ನಾನಲ್ಲ. ಬೋರ್ಡಿನ ಮೇಲಿನ ಪುಟ್ಟ ಪಿನ್ನು ಬದಲಿಸಿ ಅದನ್ನು 133ರಲ್ಲೇ ಓಡುವ ಹಾಗೆ ಮಾಡಿದೆ. ಆಮೇಲೆ ಅದು ಒಂದು ದಿನವೂ ನಿಲ್ಲಲಿಲ್ಲ. ಕಪ್ಪಾದ ಹತ್ತಿಯನ್ನು ಕಾಗದದಲ್ಲಿ ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ದಾರಿಯಲ್ಲಿ ಅವನು ಸಿಕ್ಕಿದರೆ ಮೊದಲಿನ ಹಾಗೆಯೇ ನಕ್ಕೆ. ಗೌರಿಹಬ್ಬಕ್ಕೆ ಮನೆಗೂ ಕರೆದೆ. ಬಂದು ತಿಂದ.

ನವೆಂಬರ್‌ನಲ್ಲಿ ದೇವರು ಕಣ್ಣು ಬಿಟ್ಟ. ನಮ್ಮ ಕಾರ್ಖಾನೆ ಆಫೀಸಿಗೆ ಹತ್ತು ಕಂಪ್ಯೂಟರ್ ಕೊಳ್ಳಲು ಹೊರಟಿತು, ಹಳೆಯ ನೌಕರನೆಂದು ಆರ್ಡರ್ ಅವನಿಗೇ ಸಿಕ್ಕಿತು. ಹತ್ತೂ 166 ಇರುವವು. ಆಫೀಸಿನ ಸಾಮಾನು ನನ್ನ ಮೇಜಿಗೆ ಬರುವ ಪದ್ಧತಿ ಇರಲಿಲ್ಲ. ಆದರೆ ಆಗ ಐಎಸ್‌ಒ ಸರ್ಟಿಫಿಕೇಟಿನ ಜ್ವರ. ಆಡಿಟರ್‌ಗಳು ಬರುತ್ತಾರೆಂದರೆ ನಮ್ಮ ಕ್ವಾಲಿಟಿ ಮ್ಯಾನೇಜರ್‌ಗೆ ಬಾಯಿ ಒಣಗುತ್ತಿತ್ತು. ನಾನು ಪ್ರೊಸೀಜರ್ ಪುಸ್ತಕ ಹಿಡಿದು ಅವರ ಮುಂದೆ ನಿಂತೆ.

"ಸಾರ್, ಗೇಟೊಳಗೆ ಬರೋ ಪ್ರತಿ ಸಾಮಾನಿಗೂ ಇನ್‌ಸ್ಪೆಕ್ಷನ್ ಸೀಲ್ ಇರ್ಬೇಕು ಅಂತ ನಾವೇ ಬರ್ದಿದೀವಿ. ಈ ಹತ್ತಕ್ಕೆ ಇಲ್ದಿದ್ರೆ ಆಡಿಟರ್ ಕೇಳಿದಾಗ ಯಾರು ಉತ್ತರ ಹೇಳ್ತಾರೆ?"

"ನೀನೇ ನೋಡಿ ಸೀಲ್ ಹಾಕ್ಬಿಡಮ್ಮ," ಎಂದರು ಮ್ಯಾನೇಜರ್. "ಸಪ್ಲೈಯರ್ ಎದುರಿಗೇ ಬಿಚ್ಚಬೇಕು ಅಂತಾನೂ ಇದೆ ಸಾರ್," ಎಂದೆ. ಕರೆಸು ಎಂದರು.

ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಡಬ್ಬ ಬೆಣ್ಣೆ ಬಿಸ್ಕತ್ತು ಹಿಡಿದು ಬಂದ. ಮೇಜಿನ ಮೇಲೆ ಹತ್ತು ಕಂಪ್ಯೂಟರ್ ಸಾಲಾಗಿದ್ದವು. ಮ್ಯಾನೇಜರ್ ಇದ್ದರು, ಪರ್ಚೇಸ್ ಆಫೀಸರ್ ಇದ್ದರು, ಅವನ ಹಳೆಯ ಟೆಸ್ಟಿಂಗ್ ವಿಭಾಗದವರೂ ಟೀ ಬಿಡುವಿನಲ್ಲಿ ಬಂದು ನಿಂತಿದ್ದರು. ಟೀ ಬಿಡುವಿನ ಹೊತ್ತನ್ನೇ ಆರಿಸಿದ್ದೆ.

"ನನ್ನದು ನೇರ ಪಾಸ್ ಅಲ್ವಾ ಅಕ್ಕ," ಎಂದ ನಗುತ್ತ.

ನಾನು ಸ್ಕ್ರೂಡ್ರೈವರ್ ತೆಗೆದು, ಹಿಡಿ ಅವನ ಕಡೆ ಬರುವ ಹಾಗೆ ಚಾಚಿದೆ. "ತೆಗೆದು ತೋರಿಸ್ತೀಯಾ?"

ಅವನ ನಗು ಅಲ್ಲಿಗೇ ನಿಂತಿತು. ನಮ್ಮ ಮನೆಯ ಪರದೆ ನಿಲ್ಲುತ್ತಿದ್ದ ಹಾಗೆಯೇ. ಮ್ಯಾನೇಜರ್ ನೋಡುತ್ತಿದ್ದರು, ಬೇರೆ ದಾರಿಯಿರಲಿಲ್ಲ. ಕ್ಲಿಪ್ಪು ಬಿಚ್ಚಿದ. ನಾನು ಹತ್ತಿಯನ್ನೂ ತಿನ್ನರನ್ನೂ ಅವನ ಮುಂದಕ್ಕೆ ಸರಿಸಿದೆ. "ಉಜ್ಜು. ಹತ್ತು ಸಲ. ಕಲಿಸಿದ್ದೆನಲ್ಲ, ಮರೆತಿಲ್ಲ ತಾನೆ?" ಅವನೇ ಉಜ್ಜಿದ. ಹತ್ತಿ ಕಪ್ಪಾಯಿತು. ಕೆಂಪು ಚೀಟಿ ಕೊಟ್ಟೆ, ತಿರಸ್ಕಾರದ ಕಾರಣ ಎಂಬ ಜಾಗದಲ್ಲಿ ಅವನ ಕೈಯಿಂದಲೇ ಬರೆಸಿದೆ. ಎರಡನೆಯದು. ಮೂರನೆಯದು. ಅಸಲಿಯೊಂದು ಸಿಕ್ಕಾಗ ಉಸಿರು ಬಿಟ್ಟ, ಮುಂದಿನದಕ್ಕೆ ಮತ್ತೆ ಹಿಡಿದುಕೊಂಡ. ಹತ್ತರಲ್ಲಿ ಏಳಕ್ಕೆ ಕೆಂಪು ಬಿತ್ತು. ನಾನು ಅವಸರ ಮಾಡಲಿಲ್ಲ. ಪ್ರತಿಯೊಂದು ಹತ್ತಿಯನ್ನೂ ಎತ್ತಿ ಎಲ್ಲರಿಗೂ ತೋರಿಸಿದೆ. ಕೊನೆಗೆ ಪರ್ಸಿನಿಂದ ಐದು ತಿಂಗಳ ಹಿಂದಿನ ಹತ್ತಿಯನ್ನು ತೆಗೆದು ಆ ಏಳರ ಪಕ್ಕದಲ್ಲಿ ಎಂಟನೆಯದಾಗಿ ಇಟ್ಟೆ. ಅದು ಎಲ್ಲಿಂದ ಬಂತೆಂದು ಬೇರೆ ಯಾರಿಗೂ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದ ಹೊತ್ತು ಇನ್ನೊಂದಿಲ್ಲ.

ಮಾಲು ವಾಪಸ್ಸು ಒಯ್ಯಲು ಗೇಟಿನಲ್ಲಿ ಚೀಟಿಗಾಗಿ ಕಾಯುತ್ತಿದ್ದಾಗ ಅವನು ನನ್ನ ಹತ್ತಿರ ಬಂದ. ಕಾಲಿಗೆ ಬೀಳುತ್ತಾನೆ ಎಂದುಕೊಂಡೆ. ಬೀಳಲಿ ಎಂದು ಕಾದೆ.

"ಒಂದ್ ಮಾತು ಹೇಳ್ತೀನಿ ಅಕ್ಕ," ಎಂದ ತಲೆ ತಗ್ಗಿಸಿಕೊಂಡು. "ನೀವು ಮನೆಗೆ ಅಂತ ಆರ್ಡರ್ ಕೊಟ್ಟ ಮರುದಿನ ನಿಮ್ ತಂಗಿ ಒಬ್ಳೇ ಅಂಗಡಿಗೆ ಬಂದಿದ್ಳು. 133 ಹಾಕಿ, 32 ಹಾಕಿ, ಅಕ್ಕನಿಗೆ ಹೇಳ್ಬೇಡಿ ಅಂತ ಅಂಗಲಾಚಿದ್ಳು. ಅಕ್ಕನ ಮಾತು ಮೀರಲ್ಲ ಅಂತ ನಾನೇ ಕಳಿಸ್ದೆ. 133ರಲ್ಲಿ ಮೋಸ ಮಾಡೋಕೆ ಏನಿದೆ? ಅವಳು ಕೇಳಿದ್ದು ಕೊಟ್ಟಿದ್ರೆ ಅಸಲೀದೇ ಹೋಗಿರೋದು. 166 ಕೇಳಿದ್ದು ನೀವು."

ಪಿತ್ತ ನೆತ್ತಿಗೇರಿತು. ಕಳ್ಳನ ಬಾಯಲ್ಲಿ ನನಗೇ ಬುದ್ಧಿಮಾತು! ಆ ವಾರವೇ ಶಿಫ್ಟ್ ಬಸ್ಸಿನಲ್ಲಿ ಸಿಕ್ಕ ಅಕ್ಕಪಕ್ಕದ ಕಾರ್ಖಾನೆಗಳ ಇನ್‌ಸ್ಪೆಕ್ಷನ್ ಹೆಂಗಸರಿಗೆಲ್ಲ ಏಳು ಹತ್ತಿಯ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಸಂಕ್ರಾಂತಿಗೆ ಅವನ ಅಂಗಡಿ ಬಾಗಿಲು ಹಾಕಿತು. ನನಗೆ ಮರುಕ ಬರಲಿಲ್ಲ. ಈಗಲೂ ಇಲ್ಲ.

ಕೆಂಪು ಚೀಟಿಗಳ ಸುದ್ದಿಯನ್ನು ಅದೇ ದಿನ ಮನೆಗೆ ಓಡಿಬಂದು ತಂಗಿಗೆ ಹೇಳಿದ್ದೆ. ಅವಳಿಗಾಗಿಯೇ ಅಲ್ಲವೇ ಅಷ್ಟೆಲ್ಲ ಮಾಡಿದ್ದು? ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳಿ ಮುಗಿದ ಮೇಲೆ, "ನಿಂಗೆ ಸಮಾಧಾನ ಆಯ್ತಾ?" ಎಂದಳು. ಆಯಿತು ಎಂದೆ. "ಸರಿ ಬಿಡು," ಎಂದು ಮತ್ತೆ ಮೊರದ ಕಡೆ ತಿರುಗಿದಳು. ಅವನು ಗೇಟಿನಲ್ಲಿ ಹೇಳಿದ್ದು ನಿಜವೇ ಎಂದು ಕೇಳುವ ಬದಲು ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ.

ಪ್ರಾಜೆಕ್ಟಿಗೆ ಪಾಸಾಗುವಷ್ಟು ಅಂಕ ಬಂದಿತ್ತು. ಅವಳು ಯಾವ ಕಂಪನಿಯ ಬಾಗಿಲಿಗೂ ಹೋಗಲಿಲ್ಲ. ಚಂದಾಪುರದಲ್ಲಿ ಮಹಡಿಯ ಮೇಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸಲು ಸೇರಿದಳು. ಕಂಪ್ಯೂಟರ್ ಕೊಳ್ಳುವ ಮುಂಚೆ ಸುತ್ತಮುತ್ತಲ ವಿದ್ಯಾರ್ಥಿಗಳು ಅವಳನ್ನೇ ಕೇಳಿಕೊಂಡು ಹೋಗುತ್ತಾರೆ ಎಂದು ಬೇರೆಯವರಿಂದ ತಿಳಿಯಿತು.

ತೊಂಬತ್ತೊಂಬತ್ತರ ಒಂದು ಶನಿವಾರ ನನಗೆ ರಜೆ. ಅವಳು ಮರೆತುಹೋಗಿದ್ದ ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋದೆ. ಅವಳ ಮುಂದೆ ಒಬ್ಬ ಹುಡುಗಿ ಕೂತಿದ್ದಳು, ಪಕ್ಕದಲ್ಲಿ ಅವಳ ಅಪ್ಪ. ಹುಡುಗಿಯ ಕೈಯಲ್ಲಿ ಮಡಿಸಿದ ಒಂದು ಹಾಳೆ ಇತ್ತು.

"ದೊಡ್ ನಂಬರಿಂದೇ ಹೇಳಿ ಮೇಡಂ, ಎಲ್ಲಾರ್ಗಿಂತ ಜಾಸ್ತಿ ಇರ್ಲಿ," ಎಂದು ಅಪ್ಪ ಹೇಳುತ್ತಿದ್ದರು.

"ಸಾರ್, ಅದರ ಮುಂದೆ ಕೂತು ಕೆಲಸ ಮಾಡೋರು ಯಾರು?"

"ನನ್ ಮಗ್ಳು."

"ಹಾಗಾದ್ರೆ ಅವಳ ಹತ್ರ ಮಾತಾಡ್ತೀನಿ. ನೀವು ಸ್ವಲ್ಪ ಆಚೆ ಕೂತಿರಿ."

ಅವರು ತಬ್ಬಿಬ್ಬಾಗಿ ಎದ್ದರು. ತಂಗಿ ತಲೆ ಎತ್ತಿದಾಗ ಬಾಗಿಲಲ್ಲಿ ನಾನಿದ್ದೆ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಮುಖದಲ್ಲಿ ಸಿಟ್ಟು ಇರಲಿಲ್ಲ.

"ನೀನೂ ಅಕ್ಕ. ಆಚೆ ಕೂತ್ಕೋ."

ಬಾಗಿಲು ಹಾಕಿಕೊಂಡಿತು. ಹೊರಗಿನ ಬೆಂಚಿನಲ್ಲಿ ನಾನು ಆ ಅಪ್ಪನ ಪಕ್ಕ ಕೂತೆ. ಒಳಗೆ ತಂಗಿ, "ಹಾಳೆ ಬಿಚ್ಚು ನೋಡೋಣ. ನಿಂಗೇನ್ ಬೇಕು ಅಂತ ಬರ್ಕೊಂಡ್ ಬಂದಿದೀಯಾ?" ಎಂದು ಕೇಳುತ್ತಿದ್ದಳು.

"ನೀವ್ಯಾರ ಜೊತೆ ಬಂದಿದೀರಾ?" ಎಂದು ಅವರು ಕೇಳಿದರು.

"ಆ ಮೇಡಮ್ಮನ ಸ್ವಂತ ಅಕ್ಕ ನಾನು."

"ಮತ್ತೆ ನಿಮ್ಮನ್ಯಾಕೆ ಆಚೆ ಕೂರ್ಸಿದ್ರು?"

"166 ಕೇಳಿದ್ದೆ," ಎಂದೆ.